ದೂರು ಕೊಟ್ಟವರಿಗೆ ಉತ್ತರ ಕೊಡಿ: ಕಪ್ಪತಗುಡ್ಡದ ಬುಡದಿಂದ ಒಂದು ಬಹಿರಂಗ ಪತ್ರ

ಗದಗ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತಿ ಸಿಇಒ ಅವರಿಗೆ, ಅರಣ್ಯ, ಪೊಲೀಸ್, ಗಣಿ ಮತ್ತು ಭೂವಿಜ್ಞಾನ ಇಲಾಖೆಗಳ ಜಿಲ್ಲಾ ಅಧಿಕಾರಿಗಳಿಗೆ, ಹಾಗೆಯೇ ಗುಡ್ಡದ ಸುತ್ತಲಿನ ಊರು-ತಾಂಡಾಗಳ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,

ನಮಸ್ಕಾರ.

ನಾನು ಮುಂಡರಗಿ ತಾಲೂಕಿನ, ಕಪ್ಪತಗುಡ್ಡ ಅಭಯಾರಣ್ಯಕ್ಕೆ ಹತ್ತಿಕೊಂಡಿರುವ ಊರೊಂದರ ರೈತ. ಜೂನ್ 5 ಬಂದಾಗ ಅಧಿಕಾರಿಗಳು ನಮ್ಮ ಶಾಲೆಗೆ ಬಂದು ಸಸಿ ನೆಡುತ್ತಾರೆ. 'ಜನರ ಸಹಕಾರ ಇಲ್ಲದೆ ಪರಿಸರ ಉಳಿಯುವುದಿಲ್ಲ' ಎಂದು ಮೈಕಿನಲ್ಲಿ ಹೇಳುತ್ತಾರೆ. ಆ ಮಾತು ಖರೆ. ನಮಗೂ ಒಪ್ಪಿಗೆ. ಆದರೆ ಸಹಕಾರ ಕೊಟ್ಟವರ ಗತಿ ಮುಂದೆ ಏನಾಯಿತು ಎಂದು ಯಾರೂ ವೇದಿಕೆ ಮೇಲೆ ಹೇಳುವುದಿಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿ ಮನೆಯ ಒಕ್ಕಲುತನ ನೋಡಿಕೊಂಡಿರುವ ಒಬ್ಬ ಹುಡುಗ ಇದ್ದಾನೆ. ಒಂದು ಬೇಸಿಗೆಯಲ್ಲಿ, ಊರ ಹತ್ತಿರದ ಸರಕಾರಿ ಜಾಗದಲ್ಲಿ ರಾತ್ರಿ ಜೆಸಿಬಿ ಹಚ್ಚಿ ಗರಸು ಮಣ್ಣು ತೆಗೆಯುವುದನ್ನು ನೋಡಿದ. ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಹೋಗುತ್ತಿದ್ದವು. ಮಳೆಗಾಲದಲ್ಲಿ ಹಳ್ಳಕ್ಕೆ ನೀರು ಹರಿದು ಬರುವ ದಾರಿಯೇ ಅಲ್ಲಿ ಗುಂಡಿ ಬೀಳುತ್ತಿತ್ತು. ಹುಡುಗ ಫೋಟೊ ತೆಗೆದುಕೊಂಡ. ಬೆಳಿಗ್ಗೆ ಒಂದು ಕಚೇರಿಗೆ ಹೋಗಿ ಅರ್ಜಿ ಕೊಟ್ಟ. 'ಇದು ನಮಗೆ ಬರಲ್ಲ, ಬೇರೆ ಇಲಾಖೆಗೆ ಹೋಗು' ಅಂದರು. ಅಲ್ಲಿಗೆ ಹೋದ. ಅಲ್ಲಿ ಅರ್ಜಿ ಇಸಿದುಕೊಂಡರು. ಸ್ವೀಕೃತಿ ಕೇಳಿದರೆ 'ಅದೆಲ್ಲ ಬೇಡ ಹೋಗಪ್ಪ, ನೋಡ್ತೀವಿ' ಅಂದರು.

ಮರುದಿನ ಸಂಜೆ ಟ್ರ್ಯಾಕ್ಟರ್ ಮಾಲೀಕ ಹುಡುಗನ ಮನೆ ಕಟ್ಟೆ ಮೇಲೆ ಬಂದು ಕುಂತ. ಜಗಳ ಮಾಡಲಿಲ್ಲ. ಚಹಾ ಕುಡಿದ. 'ಏನಪಾ ತಮ್ಮಾ, ನಮ್ಮ ಹೆಸರು ಬರದು ಕೊಟ್ಟೀಯಂತ?' ಎಂದಷ್ಟೇ ಕೇಳಿದ. ಹುಡುಗನ ತಾಯಿ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಆ ಮನೆಯಿಂದ ಯಾವ ಅರ್ಜಿಯೂ ಹೋಗಲಿಲ್ಲ. ಆ ಮನೆಯಿಂದ ಅಷ್ಟೇ ಅಲ್ಲ, ಆ ಓಣಿಯಿಂದಲೇ ಹೋಗಲಿಲ್ಲ.

ಸಾಹೇಬರೆ, ಒಂದು ಹೆಸರು ಹೊರಗೆ ಬಿದ್ದರೆ ಊರಿನ ಎಲ್ಲರ ಬಾಯಿ ಮುಚ್ಚುತ್ತದೆ. ನಿಮ್ಮಲ್ಲಿ ಸಿಬ್ಬಂದಿ ಕಡಿಮೆ ಇದ್ದಾರೆ ಎಂಬುದು ನಮಗೆ ಗೊತ್ತು. ಒಬ್ಬ ಗಾರ್ಡ್ ಅಣ್ಣ ಬೈಕಿನ ಮೇಲೆ ಎಷ್ಟು ಊರು ತಿರುಗಬಹುದು? ಗುಡ್ಡದ ಸುತ್ತ ಇರುವ ಕುರಿಗಾಹಿಗಳು, ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವ ರೈತರು, ಸೌದೆ-ಹುಲ್ಲಿಗೆ ಹೋಗುವ ಅಕ್ಕಂದಿರು ಎಲ್ಲವನ್ನೂ ಮೊದಲು ನೋಡುತ್ತಾರೆ. ಯಾವ ಬಂಡಿ ದಾರಿಯಲ್ಲಿ ಹೊಸ ಗಾಲಿ ಗುರುತು ಬಿದ್ದಿದೆ, ಯಾರು ಉರುಲು ಹಾಕಿದ್ದಾರೆ, ಯಾವ ಮೂಲೆಯಲ್ಲಿ ಮರಕ್ಕೆ ಕೊಡಲಿ ಬಿದ್ದಿದೆ ಎಂಬುದೆಲ್ಲ ಅವರಿಗೆ ತಿಳಿಯುತ್ತದೆ. ಅವರು ಯಾಕೆ ಸುಮ್ಮನಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ. ಗುಡ್ಡದ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಹೇಳಿದರೆ ಕೆಲಸ ಆಗುವುದಿಲ್ಲ, ಹೆಸರು ಮಾತ್ರ ಊರ ತುಂಬ ಆಗುತ್ತದೆ ಎಂಬುದು ಅವರ ಅನುಭವ.

ಜಾತಿ ಪ್ರಮಾಣಪತ್ರಕ್ಕೆ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ 'ಸಕಾಲ' ಯೋಜನೆಯಲ್ಲಿ ಒಂದು ನಂಬರ್ ಬರುತ್ತದೆ. ಎಷ್ಟು ದಿನದಲ್ಲಿ ಕೆಲಸ ಆಗಬೇಕು ಎಂಬ ಲೆಕ್ಕ ಇರುತ್ತದೆ. 2011ರ ಸಕಾಲ ಕಾಯ್ದೆ ಬಂದ ಮೇಲೆ ಹಳ್ಳಿಯವರಿಗೂ ಆ ಪದ್ಧತಿ ರೂಢಿಯಾಗಿದೆ. ಹಾಗಿದ್ದ ಮೇಲೆ ಕೆರೆ ಒತ್ತುವರಿ, ಗರಸು ಕಳವು, ಮರ ಕಡಿತ, ಬೇಟೆಯ ಬಗ್ಗೆ ದೂರು ಕೊಟ್ಟವರಿಗೆ ಒಂದು ನಂಬರ್ ಕೊಡಲು ಏನು ತೊಂದರೆ? ದೂರಿನ ಮೇಲೆ ಹೆಸರು ಇರಲಿ, ಆದರೆ ಅದು ಒಬ್ಬ ಅಧಿಕಾರಿಯ ಕಪಾಟಿನಲ್ಲಿ ಇರಲಿ. ಉಳಿದ ಕಡತದಲ್ಲೆಲ್ಲ ನಂಬರ್ ಮಾತ್ರ ಓಡಾಡಲಿ. ಪರಿಶೀಲನೆಗೆ ಬರುವವರು ದೂರುದಾರನಿಗೆ ಫೋನ್ ಮಾಡಿ 'ಜಾಗ ತೋರಿಸು ಬಾ' ಎಂದು ಊರ ನಡುವೆ ಕರೆಯುವುದು ನಿಲ್ಲಲಿ. ಫೋಟೊ, ಸರ್ವೆ ನಂಬರ್, ಮೊಬೈಲಿನ ಲೊಕೇಶನ್ ಇದ್ದರೆ ಜಾಗ ಸಿಗುತ್ತದೆ ಅಲ್ವಾ?

ಮತ್ತೆ, 'ಇದು ನಮಗೆ ಬರಲ್ಲ' ಎಂಬ ಮಾತು. ಇದು ದೊಡ್ಡ ಪೀಡೆ. ಗುಡ್ಡದ ಒಂದು ಇಳಿಜಾರು ಅರಣ್ಯಕ್ಕೆ ಸೇರಿದ್ದು, ಪಕ್ಕದ್ದು ಕಂದಾಯಕ್ಕೆ, ಅದರಲ್ಲಿನ ಮಣ್ಣು-ಕಲ್ಲು ಗಣಿ ಇಲಾಖೆಗೆ, ಕೆಳಗಿನ ಕೆರೆ ಇನ್ನೊಬ್ಬರಿಗೆ. ಈ ಗಡಿಗಳು ಹಳ್ಳಿಯವನಿಗೆ ಹೇಗೆ ಗೊತ್ತಾಗಬೇಕು? ತುಂಗಭದ್ರೆಯ ದಂಡೆಯ ಊರುಗಳಲ್ಲೂ, ಆಚೆ ಹಾವೇರಿ ಕಡೆಯೂ, ಮರಳಿನ ವಿಷಯದಲ್ಲಿ ಇದೇ ಗೋಳು. ಅನುಮತಿ ಇಲ್ಲದೆ ನದಿಯ ಮರಳು ತೆಗೆಯುವುದು ಗಣಿ ಕಾಯ್ದೆಯ ಅಪರಾಧವಷ್ಟೇ ಅಲ್ಲ, ಸರಕಾರದ ಸ್ವತ್ತಿನ ಕಳವೂ ಹೌದು, ಅದಕ್ಕೆ ಪೊಲೀಸರು ಬೇರೆಯಾಗಿ ಪ್ರಕರಣ ದಾಖಲಿಸಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ದೂರು ಯಾರ ಮೇಜಿಗೆ ಬಂದರೂ ಅದನ್ನು ತೆಗೆದುಕೊಂಡು, ಸರಿಯಾದ ಇಲಾಖೆಗೆ ನೀವೇ ಕಳಿಸಿ. ದೂರುದಾರನನ್ನು ಬಸ್ಸಿನ ಖರ್ಚು ಹಾಕಿಸಿ ಅಲೆಸಬೇಡಿ. ಪೊಲೀಸ್ ಠಾಣೆಯಲ್ಲಿ ದಾಖಲಾದ ಪ್ರಕರಣದಲ್ಲಿ ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಮಾಹಿತಿದಾರನಿಗೆ ತಿಳಿಸಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. 2024ರ ಜುಲೈನಿಂದ ಅದು ಜಾರಿಯಲ್ಲಿದೆ. ಉಳಿದ ಇಲಾಖೆಗಳೂ ಅದೇ ನಿಯಮ ಹಿಡಿಯಲಿ.

ಈಗ ಕಾನೂನು ನಮಗೆ ಏನು ಹೇಳಿದೆ, ನಿಮಗೆ ಏನು ಹೇಳಿದೆ ಎಂದು ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಅಭಯಾರಣ್ಯದೊಳಗೆ ಇರುವವರ ಮೇಲೆ ಹೊಣೆ ಹೊರಿಸಿದೆ. ಅಪರಾಧ ತಡೆಯಬೇಕು, ಅಪರಾಧಿಯನ್ನು ಹುಡುಕಲು ನೆರವಾಗಬೇಕು, ಪ್ರಾಣಿ ಸತ್ತಿದ್ದರೆ ತಿಳಿಸಬೇಕು, ಬೆಂಕಿ ಕಂಡರೆ ಆರಿಸಬೇಕು. ಸರಿ, ಇರಲಿ. ಅದೇ ಕಾಯ್ದೆಯ 33ಬಿ ಕಲಂ ಅಭಯಾರಣ್ಯಕ್ಕೆ ಒಂದು ಸಲಹಾ ಸಮಿತಿ ಮಾಡಬೇಕು ಎನ್ನುತ್ತದೆ. ಅದರಲ್ಲಿ ಆ ಕ್ಷೇತ್ರದ ಶಾಸಕರು, ಪಂಚಾಯತಿಗಳಿಂದ ಮೂವರು, ಸಂಘ ಸಂಸ್ಥೆಗಳಿಂದ ಇಬ್ಬರು, ವನ್ಯಜೀವಿ ರಕ್ಷಣೆಯಲ್ಲಿ ತೊಡಗಿದ ಮೂವರು ಇರಬೇಕು. ಒಳಗೆ ಮತ್ತು ಸುತ್ತಲೂ ಇರುವ ಜನರು ಅಭಯಾರಣ್ಯ ಕಾಯುವ ಕೆಲಸದಲ್ಲಿ ಹೇಗೆ ಸೇರಬೇಕು ಎಂಬ ಸಲಹೆಯನ್ನೂ ಆ ಸಮಿತಿಯೇ ಕೊಡಬೇಕು. ಇದು ಕಾಯ್ದೆಯಲ್ಲಿ ಬರೆದ ಮಾತು. ನಮ್ಮ ಊರಲ್ಲಿ ನಿಂತು ಈ ಸಮಿತಿಯ ಬಗ್ಗೆ ಕೇಳಿದರೆ 'ಅದ್ಯಾವ ಸಮಿತಿ?' ಎನ್ನುವವರೇ ಜಾಸ್ತಿ. ಅದರ ಸದಸ್ಯರು ಯಾರು, ಸಭೆ ಯಾವಾಗ, ಹೋದ ಸಭೆಯಲ್ಲಿ ಏನು ತೀರ್ಮಾನ ಆಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗುಡ್ಡದ ಸುತ್ತಲಿನ ಪ್ರತಿ ಗ್ರಾಮ ಪಂಚಾಯತಿಯ ಬೋರ್ಡಿಗೆ ಹಚ್ಚಿಸಿ. ಪಂಚಾಯತಿಯಿಂದ ಹೋಗುವ ಮೂವರು ಗುಡ್ಡಕ್ಕೆ ಹತ್ತಿದ ಊರಿನವರೇ ಆಗಿರಲಿ. ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಲಿ, ಒಬ್ಬರು ತಾಂಡಾದವರಿರಲಿ. ಕುರಿ ಕಾಯುವವರ ಮಾತು ಕೇಳದೆ ಈ ಗುಡ್ಡದ ಬಗ್ಗೆ ಯಾವ ತೀರ್ಮಾನ ಮಾಡಿದರೂ ಅದು ಅರ್ಧವೇ.

ಬೆಂಕಿಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಗುಡ್ಡಕ್ಕೆ ದೊಡ್ಡ ಕಂಟಕ ಅದೇ.

ಕಪ್ಪತಗುಡ್ಡದ ಬಹುಭಾಗ ಹುಲ್ಲುಗಾವಲು ಮತ್ತು ಕುರುಚಲು. ಮಳೆ ನಿಂತ ಮೇಲೆ ಬಾದೆ ಹುಲ್ಲು ಎದ್ದು ನಿಲ್ಲುತ್ತದೆ. ಸಂಕ್ರಾಂತಿ ಹೊತ್ತಿಗೆ ಪೂರಾ ಒಣಗಿರುತ್ತದೆ. ಆಮೇಲೆ ಒಂದು ಬೀಡಿ ತುಂಡು ಸಾಕು. ಗಾಳಿ ಇದ್ದರೆ ಬೆಂಕಿ ಇಳಿಜಾರಿನಿಂದ ಮೇಲಕ್ಕೆ ಓಡುತ್ತದೆ. ನಮ್ಮ ಮಾಳಿಗೆ ಮೇಲಿಂದ ರಾತ್ರಿ ನೋಡಿದರೆ ಕೆಂಪು ಗೆರೆ ಸರಿಯುವುದು ಕಾಣುತ್ತದೆ. ನೀರಿನ ಗಾಡಿ ಆ ಎತ್ತರಕ್ಕೆ ಹತ್ತುವುದಿಲ್ಲ. ಆರಿಸುವವರ ಕೈಯಲ್ಲಿ ಇರುವುದು ಹಸಿ ಟೊಂಗೆ ಮಾತ್ರ. ಅದಕ್ಕೂ ಒಂದು ಪದ್ಧತಿ ಇದೆ. ಉರಿಯ ಎದುರಿಗೆ ಹೋಗಬಾರದು. ಸುಟ್ಟು ಕರಿಯಾದ ಕಡೆಯಿಂದ ಬರಬೇಕು. ಟೊಂಗೆ ಎತ್ತಿ ಎತ್ತಿ ಬಡಿದರೆ ಕಿಡಿ ಹಾರಿ ಮುಂದಿನ ಹುಲ್ಲಿಗೆ ಹತ್ತುತ್ತದೆ, ಹಾಗಾಗಿ ಒತ್ತಿ ಹಿಡಿದು ಎಳೆಯಬೇಕು. ಹಿಂದೆ ಒಬ್ಬ, ಆರಿದ ಜಾಗದಲ್ಲಿ ಹೊಗೆಯಾಡುವ ಸಗಣಿ, ಮೋಟು ಏನಿದ್ದರೂ ಮಣ್ಣು ಹಾಕಿ ಮುಚ್ಚುತ್ತ ಬರಬೇಕು. ಇದನ್ನು ನಮ್ಮ ಹುಡುಗರು ಹಿರಿಯರ ಹಿಂದೆ ಹೋಗಿ ಕಲಿತಿದ್ದಾರೆ. ಇಲಾಖೆಯ ವಾಚರ್‌ಗಳ ಜೊತೆ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗುವವರು ಇವರೇ. ಕಾಲು ಸುಟ್ಟುಕೊಂಡರೆ ಮುಲಾಮಿನ ಖರ್ಚು ಅವರದೇ. ಮರುದಿನದ ಕೂಲಿಯೂ ಹೋಗುತ್ತದೆ.

ಹಾಗಾಗಿ ನಮ್ಮ ಕೇಳಿಕೆ ಸರಳವಾಗಿದೆ. ಡಿಸೆಂಬರಿನಿಂದ ಮುಂಗಾರು ಬರುವವರೆಗೆ ಪ್ರತಿ ಊರಿನಿಂದ ಬೆಂಕಿ ಕಾವಲಿಗೆ ಜನ ತೆಗೆದುಕೊಳ್ಳಿ. ಹೆಸರುಗಳನ್ನು ಗ್ರಾಮಸಭೆಯಲ್ಲಿ, ಎಲ್ಲರ ಎದುರು ಆರಿಸಿ. ಗುತ್ತಿಗೆದಾರನ ಕೈಗೆ ಕೊಡಬೇಡಿ. ಕೂಲಿ ಅವರ ಖಾತೆಗೆ ನೇರವಾಗಿ ಬರಲಿ. ಬೂಟು, ಟಾರ್ಚು, ನೀರಿನ ಕ್ಯಾನು, ವಿಮೆ ಮಾಡಿಸಿ. ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ, ತೆಗೆಯುವ ಕೆಲಸ ಹುಲ್ಲು ಒಣಗುವ ಮೊದಲೇ ಮುಗಿಯಲಿ. ಯಾವ ಕಡೆಯಿಂದ ತೆಗೆದರೆ ಉಪಯೋಗ ಎಂದು ಕುರಿಗಾಹಿ ಕಾಕಾಗಳನ್ನು ಕೇಳಿ. ಗಾಳಿ ಯಾವ ತಿಂಗಳು ಯಾವ ಕೊಳ್ಳದಿಂದ ಏರುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ.

ಬೆಂಕಿ ಬಿದ್ದಾಗಲೆಲ್ಲ ಮೊದಲು ಬೈಗುಳ ತಿನ್ನುವವರೂ ಅವರೇ. ಸುಟ್ಟರೆ ಎಳೆ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಕೆಲವರಲ್ಲಿ ಇದೆ, ಸುಳ್ಳಲ್ಲ. ಆದರೆ ಬೇಟೆಗೆ ಹೋಗುವವರು ಹಚ್ಚುತ್ತಾರೆ, ಸುಮ್ನೆ ತಿರುಗಾಡಲು ಬಂದವರ ಒಲೆಯಿಂದಲೂ ಹತ್ತುತ್ತದೆ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 30ನೇ ಕಲಂ ಪ್ರಕಾರ ಅಪರಾಧ. ಹಚ್ಚಿದವನ ಮೇಲೆ ಕೇಸು ಹಾಕಿ, ನಾವು ಬೇಡ ಅನ್ನುವುದಿಲ್ಲ. ಆದರೆ ಕೋಲು ಹಿಡಿದವರೆಲ್ಲ ಕಳ್ಳರು ಎಂಬಂತೆ ನೋಡಬೇಡಿ. 33ನೇ ಕಲಂ ಮೇಯಿಸುವುದನ್ನು ನಿಷೇಧಿಸುವ ಅಧಿಕಾರವನ್ನಷ್ಟೇ ಕೊಟ್ಟಿಲ್ಲ, ನಿಯಂತ್ರಿಸುವ ಅಧಿಕಾರವನ್ನೂ ಕೊಟ್ಟಿದೆ. ಯಾವ ಕಡೆ ಯಾವ ತಿಂಗಳು ಮೇಯಿಸಬಹುದು ಎಂದು ಕುರಿಗಾಹಿಗಳ ಜೊತೆ ಕೂತು ಮಾತಾಡಿ ಬರೆದಿಟ್ಟರೆ, ಆ ಜಾಗ ಕಾಯುವವರು ಅವರೇ ಆಗುತ್ತಾರೆ. ತೋಳ, ಕತ್ತೆಕಿರುಬ ಇರುವ ಗುಡ್ಡದಲ್ಲಿ ಕುರಿ ಕಳೆದುಕೊಂಡೂ ಸುಮ್ಮನಿರುವ ಜನ ಅವರು. ಸತ್ತ ಕುರಿಗೆ ಪರಿಹಾರ ಬೇಗ ಸಿಕ್ಕರೆ ಸತ್ತ ಕುರಿಯ ಮೈಗೆ ಯಾರೂ ವಿಷ ಹಾಕುವುದಿಲ್ಲ.

ಈ ಗುಡ್ಡ ಅಭಯಾರಣ್ಯ ಆದದ್ದು ಹೇಗೆ ಎಂಬುದನ್ನು ಹೊಸದಾಗಿ ಬಂದ ಅಧಿಕಾರಿಗಳು ತಿಳಿದುಕೊಳ್ಳಬೇಕು. 2015ರ ಕೊನೆಯಲ್ಲಿ ಸರಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶ (ಕನ್ಸರ್ವೇಶನ್ ರಿಸರ್ವ್) ಎಂದು ಘೋಷಿಸಿತು. 2016ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಚಿನ್ನದ ಗಣಿಗೆ ದಾರಿ ಆಗುತ್ತದೆ ಎಂದು ಜನ ಹೆದರಿದರು. 2017ರ ಫೆಬ್ರುವರಿಯಲ್ಲಿ ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಧರಣಿ ಕುಂತರು. ಕಪ್ಪತಗುಡ್ಡದ ನಂದಿವೇರಿ ಮಠದ ಸ್ವಾಮೀಜಿಯವರು, ರೈತರು, ಸಾಹಿತಿಗಳು, ವಿದ್ಯಾರ್ಥಿಗಳು ಜೊತೆಗಿದ್ದರು. ಅದೇ ವರ್ಷ ಸರಕಾರ ಘೋಷಣೆಯನ್ನು ಮತ್ತೆ ಮಾಡಿತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯಿತು. ಅದಕ್ಕೂ ಮೊದಲು, 2011ರಲ್ಲಿ, ಹಳ್ಳಿಗುಡಿ ಸುತ್ತಲಿನ ಹೊಲಗಳು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಹೋಗುವುದನ್ನು ಇದೇ ಜಿಲ್ಲೆಯ ಜನ ತಡೆದಿದ್ದರು. 2013ರಲ್ಲಿ ಕಂಪನಿ ಆ ಯೋಜನೆ ಕೈಬಿಟ್ಟಿತು. ಬೇಲಿ ಹಾಕಿಸಿದವರೇ ಬೇಲಿಯ ಹೊರಗೆ ನಿಂತಂತೆ ಆಗಿದೆ ಈಗ ನಮ್ಮ ಸ್ಥಿತಿ. ಅಭಯಾರಣ್ಯ ಬೇಕು ಎಂದು ಬೀದಿಗೆ ಇಳಿದವರು ಈಗ ಅದರ ಬಗ್ಗೆ ಪತ್ರಿಕೆ ಓದಿ ತಿಳಿದುಕೊಳ್ಳಬೇಕು.

ಹಳೆಯ ಧಾರವಾಡ ಜಿಲ್ಲೆಯಲ್ಲಿ ಜನ ಹೀಗೆ ಎದ್ದು ನಿಂತದ್ದು ಮೊದಲೂ ನಡೆದಿದೆ. ಹಾವೇರಿ ಭಾಗದ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ರೈತರು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ಊರಿನ ದನ ಮೇಯುವ, ಸೌದೆ ತರುವ ಸಾಮಾನ್ಯ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸರಕಾರ ಕೊಟ್ಟಿತ್ತು. ಒಟ್ಟು ಸುಮಾರು 30,000 ಹೆಕ್ಟೇರಿನ ಯೋಜನೆ ಅದು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಎಸ್.ಆರ್. ಹಿರೇಮಠರು ಮತ್ತು ಜೊತೆಯವರು ಜನರನ್ನು ಒಟ್ಟುಗೂಡಿಸಿದರು. ನೀಲಗಿರಿ ಕಿತ್ತು, ಜನರಿಗೆ ಬೇಕಾದ ಸಸಿ ಹಚ್ಚಿದರು. ಮುಚ್ಚುಮರೆ ಇಲ್ಲದೆ, ಮೊದಲೇ ಹೇಳಿ ಮಾಡಿದರು. ಜೊತೆಗೆ ಸುಪ್ರೀಂ ಕೋರ್ಟಿನಲ್ಲೂ ಹೋರಾಡಿದರು. ಕೊನೆಗೆ ಆ ಕಂಪನಿಯೇ ಮುಚ್ಚಿತು. ಹಳ್ಳಿ ಜನಕ್ಕೆ ಕಾನೂನು ತಿಳಿಯುವುದಿಲ್ಲ ಎನ್ನುವವರು ಕುಸನೂರಿನ ಕಥೆ ಕೇಳಬೇಕು.

ಮಾಗಡಿ ಕೆರೆಯ ಮಾತೂ ಇದೆ. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹಗಲು ಕೆರೆಯಲ್ಲಿ ಇದ್ದು, ಬೆಳಗಿನ ಜಾವ, ಸಂಜೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಮೇಯುವುದು ರೈತರ ಬೆಳೆಯನ್ನೇ. ಆದರೂ ಅವರು ಹಕ್ಕಿಗಳನ್ನು ಬಾಳಗೊಟ್ಟಿದ್ದಾರೆ. 2024ರಲ್ಲಿ ಮಾಗಡಿ ಕೆರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಜಿಲ್ಲೆಯವರೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಕೆರೆ ಸುತ್ತಲಿನ ರೈತರ ಪಾಲು ದೊಡ್ಡದು. ಅವರ ಬೆಳೆಯ ಲೆಕ್ಕ ಯಾರು ಬರೆಯುತ್ತಾರೆ? ಮಾಗಡಿಯಂಥ ಸಂರಕ್ಷಿತ ಪ್ರದೇಶಗಳಿಗೆ ವನ್ಯಜೀವಿ ಕಾಯ್ದೆಯ 36ಬಿ ಕಲಂ ಒಂದು ನಿರ್ವಹಣಾ ಸಮಿತಿ ಹೇಳಿದೆ. ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯತಿಯಿಂದ ಒಬ್ಬರು, ಕೃಷಿ ಇಲಾಖೆ, ಪಶುಸಂಗೋಪನೆ ಇಲಾಖೆಯಿಂದ ಒಬ್ಬೊಬ್ಬರು ಅದರಲ್ಲಿ ಇರಬೇಕು. ಬೆಳೆ ಹಾನಿಯ ಮಾತು ಬರಬೇಕಾದ ಜಾಗ ಅದೇ.

ಜೀವವೈವಿಧ್ಯ ಸಮಿತಿಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2002ರ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಅದು ಇರಬೇಕು, ಊರಿನ ಗಿಡ, ಪ್ರಾಣಿಗಳ ಬಗ್ಗೆ ಜನರಿಗೆ ಗೊತ್ತಿರುವುದನ್ನೆಲ್ಲ ಬರೆಯುವ ಜನತಾ ಜೀವವೈವಿಧ್ಯ ದಾಖಲೆ ಬರೆದಿಡಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ದೇಶದ ತುಂಬ ಅವಸರ ಅವಸರವಾಗಿ ಈ ದಾಖಲೆಗಳು ತಯಾರಾದವು. ಕಪ್ಪತಗುಡ್ಡದ ಔಷಧಿ ಗಿಡಗಳನ್ನು ಬೇರು, ತೊಗಟೆ, ಎಲೆಯ ವಾಸನೆಯಿಂದ ಗುರುತಿಸುವ ನಾಟಿ ವೈದ್ಯರು ಇನ್ನೂ ನಮ್ಮ ನಡುವೆ ಇದ್ದಾರೆ. ವಯಸ್ಸಾಗಿದೆ. ಅವರನ್ನು ಕೂರಿಸಿಕೊಂಡು ಆ ದಾಖಲೆಯನ್ನು ಇನ್ನೊಮ್ಮೆ ಓದಿ, ತಿದ್ದಿ.

ಇನ್ನು ನಮ್ಮ ಊರಿನವರಿಗೆ ಎರಡು ಮಾತು.

ಅಣ್ಣಂದಿರೆ, ಗರಸು ಹೊಡೆಯುವ ಟ್ರ್ಯಾಕ್ಟರ್ ಯಾವುದೋ ದೇಶದಿಂದ ಬಂದದ್ದಲ್ಲ. ನಮ್ಮ ಬೀಗರದ್ದು, ನಮ್ಮ ಗೆಳೆಯರದ್ದು. ಆ ಗರಸು ಹೋಗಿ ಬೀಳುವುದೂ ನಮ್ಮದೇ ಮನೆಯ ಬುನಾದಿಗೆ, ನಮ್ಮದೇ ಊರಿನ ರಸ್ತೆಗೆ. ಅದಕ್ಕೇ ಮಾತಾಡುವುದು ಕಷ್ಟ. ಮನೆ ಕಟ್ಟುವವನಿಗೆ ಗರಸು ಬೇಕು, ಅದು ತಪ್ಪಲ್ಲ. ಎಲ್ಲಿ ತೆಗೆಯಬಹುದು, ಎಲ್ಲಿ ತೆಗೆಯಬಾರದು ಎಂದು ಪಂಚಾಯತಿಯಲ್ಲಿ ಕೂತು ಗುರುತು ಮಾಡೋಣ, ಅದಕ್ಕೆ ಇಲಾಖೆಯ ಪರವಾನಗಿ ಕೇಳೋಣ. ಮೊದಲ ಸಲ ತಪ್ಪಿದವನಿಗೆ ಹಿರಿಯರು ಕರೆದು ಹೇಳಲಿ. ಕೇಳದವನ ಬಗ್ಗೆ ದೂರು ಹೋಗಲಿ, ಒಬ್ಬ ಹುಡುಗನ ಹೆಸರಲ್ಲಿ ಅಲ್ಲ, ಗ್ರಾಮಸಭೆಯ ಠರಾವಿನ ಹೆಸರಲ್ಲಿ. ಊರೇ ಕೊಟ್ಟ ದೂರಿಗೆ ಯಾರ ಮನೆ ಕಟ್ಟೆ ಮೇಲೆ ಬಂದು ಕೂರುತ್ತಾರೆ? ಯಾರನ್ನೂ ಅಡ್ಡಗಟ್ಟಿ ಹೊಡೆಯುವುದು, ಗಾಡಿಯ ಗಾಳಿ ತೆಗೆಯುವುದು ಬೇಡ. ಅದು ಕಾನೂನು ಕಾಯುವ ಕೆಲಸ ಅಲ್ಲ. ನಮ್ಮ ಹುಡುಗರ ಜೀವಕ್ಕೂ ಅಪಾಯ. ಅರಣ್ಯದ ವಿಷಯಕ್ಕೆ 1926, ಬೇರೆ ತುರ್ತಿಗೆ 112 ಇದೆ, ಫೋನ್ ಮಾಡಿ. ವನ್ಯಜೀವಿ ಅಪರಾಧ ನಡೆದೂ ಇಲಾಖೆ ಏನೂ ಮಾಡದಿದ್ದರೆ, 60 ದಿನದ ನೋಟಿಸು ಕೊಟ್ಟು ನಾವೇ ನ್ಯಾಯಾಲಯಕ್ಕೆ ಹೋಗಲು ವನ್ಯಜೀವಿ ಕಾಯ್ದೆಯ 55ನೇ ಕಲಂ ದಾರಿ ಬಿಟ್ಟಿದೆ. ಆ ದಾರಿ ಹಿಡಿಯುವ ಹೊತ್ತು ಬಾರದಿರಲಿ ಎಂದೇ ನನ್ನ ಆಸೆ.

ಅಧಿಕಾರಿಗಳೆ, ಮಾಹಿತಿ ಕೊಟ್ಟವರಿಗೆ ದಂಡದ ಹಣದಲ್ಲಿ ಅರ್ಧದವರೆಗೆ ಬಹುಮಾನ ಕೊಡಲು ವನ್ಯಜೀವಿ ಕಾಯ್ದೆಯಲ್ಲಿ ಅವಕಾಶ ಇದೆ. ನಮಗೆ ಬಹುಮಾನ ಬೇಡ. ಕೊಟ್ಟ ದೂರಿಗೆ ನಂಬರ್ ಕೊಡಿ. ಹೆಸರು ಗುಟ್ಟಾಗಿ ಇಡಿ. ಏನಾಯಿತು ಎಂದು ತಿಳಿಸಿ. 'ತನಿಖೆ ಮಾಡಿದೆವು, ತಪ್ಪು ಕಾಣಲಿಲ್ಲ' ಎಂದರೂ ಆಯಿತು, ಅದನ್ನೇ ಬರೆದು ಕೊಡಿ. ಪ್ರತಿ ಗ್ರಾಮಸಭೆಯಲ್ಲಿ ಈ ಆರು ತಿಂಗಳಲ್ಲಿ ಎಷ್ಟು ದೂರು ಬಂದವು, ಎಷ್ಟರಲ್ಲಿ ಕೇಸು ಆಯಿತು, ಎಷ್ಟು ದಂಡ ಬಂತು ಎಂದು, ದೂರುದಾರರ ಹೆಸರು ಬಿಟ್ಟು, ಓದಿ ಹೇಳಿ.

ಬರುವ ಡಿಸೆಂಬರಿನಲ್ಲಿ, ಹುಲ್ಲು ಒಣಗುವ ಮೊದಲು, ಗುಡ್ಡದ ಸುತ್ತಲಿನ ಪಂಚಾಯತಿಗಳಲ್ಲಿ ಒಂದೊಂದು ವಿಶೇಷ ಗ್ರಾಮಸಭೆ ಕರೆಯಿರಿ. ಅರಣ್ಯ, ಪೊಲೀಸ್, ಗಣಿ, ಕಂದಾಯ ನಾಲ್ಕೂ ಇಲಾಖೆಯವರು ಒಂದೇ ದಿನ, ಒಂದೇ ಮೇಜಿಗೆ ಬನ್ನಿ. ಸಂಜೆ ಇಟ್ಟರೆ ಹೊಲಕ್ಕೆ ಹೋದವರು, ಕುರಿ ಹೊಡೆದುಕೊಂಡು ಹೋದವರು ಎಲ್ಲ ಬರುತ್ತಾರೆ. ತಾರೀಖು ವಾರ ಮೊದಲು ತಿಳಿಸಿ ಸಾಕು. ಡಂಗುರ ಹೊಡೆಸಿ ಮನೆಗೊಬ್ಬರನ್ನು ಕರೆತರುವ ಕೆಲಸ ನಮ್ಮದು.

ಇತಿ,
ಕಪ್ಪತಗುಡ್ಡದ ಬುಡದ ಒಬ್ಬ ರೈತ
ಮುಂಡರಗಿ ತಾಲೂಕು, ಗದಗ ಜಿಲ್ಲೆ